‘ಕಂಟ್ರೋಲ್’ ಎಂದರೆ ನಿಯಂತ್ರಣವೇ? – ಒಂದು ಪದವಿಚಾರ

ಮುಂಬಯಿಯಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರ ಮನೆಗಳಲ್ಲಿ ದಿನಕ್ಕೆ ಹಲವು ಬಾರಿ ಕೇಳಿಬರುವ ಇಂಗ್ಲಿಷ್ ಪದಗಳಲ್ಲಿ ‘ಕಂಟ್ರೋಲ್’ ಒಂದು. ಅಜ್ಜನ ಶುಗರ್ ಕಂಟ್ರೋಲಿನಲ್ಲಿದೆ, ಮಗ ಕಂಟ್ರೋಲ್ ತಪ್ಪುತ್ತಿದ್ದಾನೆ, ಸಿಟ್ಟು ಕಂಟ್ರೋಲ್ ಮಾಡಿಕೊಳ್ಳಿ, ಈ ತಿಂಗಳ ಖರ್ಚು ಕಂಟ್ರೋಲಿಗೆ ಬರುತ್ತಿಲ್ಲ – ಹೀಗೆ ಆರೋಗ್ಯ, ನಡತೆ, ಮನಸ್ಸು, ಹಣ ಎಲ್ಲಕ್ಕೂ ಒಂದೇ ಪದ ಸಾಕಾಗಿದೆ. ಶುದ್ಧ ಕನ್ನಡದಲ್ಲಿ ಹೇಳಬೇಕಾಗಿ ಬಂದರೆ ‘ನಿಯಂತ್ರಣ’ ಎನ್ನುತ್ತೇವೆ. ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಹತೋಟಿ, ಹಿಡಿತ, ಅಂಕೆ, ಕಡಿವಾಣ, ನಿರ್ಬಂಧ, ನಿಗ್ರಹ, ಸಂಯಮ, ನಿರ್ವಹಣೆ, ಮೇಲ್ವಿಚಾರಣೆ ಮುಂತಾದ ಪದಗಳು ನಮ್ಮ ಭಾಷೆಯಲ್ಲಿ ಸುಮ್ಮನೆ ಹುಟ್ಟಿದವಲ್ಲ. ಒಂದೊಂದಕ್ಕೂ ತನ್ನದೇ ಆದ ಕೆಲಸವಿದೆ.

ಈ ವಿಚಾರವನ್ನು ಕೈಗೆತ್ತಿಕೊಳ್ಳಲು ನಮಗೆ ಸ್ವಂತ ಕಾರಣವೊಂದಿದೆ. ನಮ್ಮ ಸೋದರಮಾವನವರಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇದ್ದವು. ಒಮ್ಮೆ ವೈದ್ಯರು ವರದಿಗಳನ್ನು ನೋಡಿ, ‘ಎಲ್ಲ ಕಂಟ್ರೋಲಿಗೆ ಬಂದಿದೆ’ ಎಂದು ಸಂತೋಷದಿಂದ ಹೇಳಿದರು. ಮಾವನವರು ಅದನ್ನು ‘ಗುಣವಾಗಿದೆ’ ಎಂದು ಅರ್ಥ ಮಾಡಿಕೊಂಡರು. ಮಾತ್ರೆಗಳನ್ನು ನಿಲ್ಲಿಸಿದರು, ಮನೆಯವರಿಗೂ ಹೇಳಲಿಲ್ಲ. ನಾಲ್ಕು ತಿಂಗಳ ತರುವಾಯ ಒಂದು ಬೆಳಿಗ್ಗೆ ಅವರ ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ನಲವತ್ತು ವರ್ಷ ದುಂಡಾದ ಕನ್ನಡ ಅಕ್ಷರಗಳಲ್ಲಿ ಸಹಿ ಮಾಡುತ್ತಿದ್ದ ಅವರ ಖಾತೆಗೆ, ಸಹಿಯ ಬದಲು ಎಡಗೈ ಹೆಬ್ಬೆಟ್ಟಿನ ಗುರುತನ್ನು ದಾಖಲಿಸುವ ಅರ್ಜಿಯನ್ನು ನಾವೇ ಕುಳಿತು ತುಂಬಬೇಕಾಯಿತು. ಒಂದು ಪದದ ಅರ್ಥ ತಪ್ಪಿದರೆ ಎಷ್ಟು ನಷ್ಟವಾಗಬಹುದೆಂಬುದು ನಮಗೆ ಮನವರಿಕೆಯಾದದ್ದು ಅಂದು.

ಪದದ ಮೂಲ

‘ಕಂಟ್ರೋಲ್’ ಪದವು ಹುಟ್ಟಿದ್ದು ಲೆಕ್ಕಪತ್ರದ ಕೋಣೆಯಲ್ಲಿ ಎಂಬುದು ನಮ್ಮಂಥ ಬ್ಯಾಂಕ್ ನೌಕರರಿಗೆ ಹೆಮ್ಮೆಯ ಸಂಗತಿ. ಮಧ್ಯಯುಗದ ಲ್ಯಾಟಿನ್ ಭಾಷೆಯ ‘ಕಾಂಟ್ರಾರೊಟುಲಸ್’ ಎಂಬುದು ಇದರ ಮೂಲ. ‘ಕಾಂಟ್ರಾ’ ಎಂದರೆ ಎದುರು, ‘ರೊಟುಲಸ್’ ಎಂದರೆ ಸುರುಳಿ. ಆ ಕಾಲದಲ್ಲಿ ಲೆಕ್ಕವನ್ನು ಚರ್ಮದ ಹಾಳೆಯ ಸುರುಳಿಗಳಲ್ಲಿ ಬರೆಯುತ್ತಿದ್ದರು. ಒಬ್ಬನು ಬರೆದ ಲೆಕ್ಕಕ್ಕೆ ಇನ್ನೊಬ್ಬನು ಪ್ರತ್ಯೇಕವಾಗಿ ಎರಡನೆಯ ಸುರುಳಿಯನ್ನು ಇಟ್ಟು, ಎರಡನ್ನೂ ತಾಳೆ ನೋಡುತ್ತಿದ್ದನು. ಈ ಪದವು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ನಮ್ಮ ಹಿರಿಯ ವರ್ತಕರು ಲೆಕ್ಕ ಬರೆಯುತ್ತಿದ್ದ ಕಡತವನ್ನು ನೆನೆದು ಹೇಳುವುದಾದರೆ, ಕಂಟ್ರೋಲ್ ಎಂದರೆ ‘ಎದುರು ಕಡತ’. ಮೊದಲ ಅರ್ಥ ತಾಳೆ ನೋಡುವುದು. ಆಳುವುದು, ಅದುಮುವುದು ಎಂಬ ಅರ್ಥಗಳು ಆಮೇಲೆ ಬಂದವು.

ಔಷಧಗಳ ಪ್ರಯೋಗದಲ್ಲಿ ‘ಕಂಟ್ರೋಲ್ ಗುಂಪು’ ಎಂಬ ಮಾತಿದೆ. ಹೊಸ ಔಷಧವನ್ನು ಕೊಡದೆ, ಹೋಲಿಸಿ ನೋಡುವುದಕ್ಕಾಗಿ ಇರಿಸಿಕೊಂಡ ಗುಂಪು ಅದು. ಇಲ್ಲಿ ಪದದ ಹಳೆಯ ಅರ್ಥವೇ ಉಳಿದಿದೆ. ಅದನ್ನು ‘ನಿಯಂತ್ರಿತ ಗುಂಪು’ ಎಂದು ಕನ್ನಡಿಸಿದರೆ ಓದುಗನಿಗೆ ಏನೂ ತಿಳಿಯದು. ‘ಹೋಲಿಕೆಯ ಗುಂಪು’ ಎಂದರೆ ಅರ್ಥವಾಗುತ್ತದೆ.

ಇನ್ನು ನಮ್ಮ ‘ನಿಯಂತ್ರಣ’ದ ಮೂಲ ಬೇರೆ. ಸಂಸ್ಕೃತದ ‘ಯಮ್’ ಧಾತುವಿಗೆ ಹಿಡಿದಿಡು, ತಡೆದು ನಡೆಸು ಎಂಬ ಅರ್ಥವಿದೆ. ಯಮ, ನಿಯಮ, ಸಂಯಮ, ಯಂತ್ರ ಇವೆಲ್ಲ ಅದೇ ಕುಟುಂಬದ ಪದಗಳು. ‘ನಿಯಂತೃ’ ಎಂದರೆ ಸಾರಥಿ ಎಂಬ ಅರ್ಥವೂ ಉಂಟು. ಸಾರಥಿಯು ಕುದುರೆಗಳನ್ನು ನಿಲ್ಲಿಸಲು ಕುಳಿತವನಲ್ಲ. ಸರಿಯಾದ ದಾರಿಯಲ್ಲಿ, ಸರಿಯಾದ ವೇಗದಲ್ಲಿ ಓಡಿಸಲು ಕುಳಿತವನು. ಇಂಗ್ಲಿಷ್ ಪದದಲ್ಲಿ ಲೆಕ್ಕಿಗನಿದ್ದಾನೆ, ನಮ್ಮ ಪದದಲ್ಲಿ ಸಾರಥಿಯಿದ್ದಾನೆ. ಇಂದಿನ ಅರ್ಥದಲ್ಲಿ ಇಬ್ಬರೂ ಸೇರಿದ್ದಾರೆ.

ನಿಯಂತ್ರಣದ ಮೂರು ಅಂಗಗಳು

ನಿಯಂತ್ರಣ ಎನ್ನಬೇಕಾದರೆ ಮೂರು ಸಂಗತಿಗಳು ಇರಲೇಬೇಕು. ಮೊದಲನೆಯದು, ಇಷ್ಟರಲ್ಲಿರಬೇಕು ಎಂಬ ಒಂದು ಮಿತಿ. ಎರಡನೆಯದು, ಆ ಮಿತಿಗೆ ಹೋಲಿಸಿ ಆಗಾಗ ಅಳೆಯುವ ಕ್ರಮ. ಮೂರನೆಯದು, ಮಿತಿ ಮೀರಿದಾಗ ಸರಿಪಡಿಸುವ ಶಕ್ತಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಅದಕ್ಕೆ ಬೇರೆ ಹೆಸರು ಕೊಡಬೇಕಾಗುತ್ತದೆ.

ಅಡುಗೆಮನೆಯಲ್ಲಿ ಹಾಲು ಕಾಯಿಸುವುದನ್ನೇ ನೋಡೋಣ. ಒಲೆಯ ಮುಂದೆ ನಿಂತು ಹಾಲನ್ನು ನೋಡುತ್ತಿರುವುದು ಮೇಲ್ವಿಚಾರಣೆ. ಉಕ್ಕುವ ಮುನ್ನ ಉರಿಯನ್ನು ತಗ್ಗಿಸುವುದು ನಿಯಂತ್ರಣ. ಒಲೆಯನ್ನೇ ಆರಿಸಿಬಿಡುವುದು ತಡೆ. ಉಕ್ಕಿದ ಮೇಲೆ ಎಷ್ಟು ಚೆಲ್ಲಿತೆಂದು ನೋಡುವುದು ಲೆಕ್ಕಪರಿಶೋಧನೆ. ನಾಲ್ಕೂ ಬೇಕಾದ ಕೆಲಸಗಳೇ. ಆದರೆ ಒಂದು ಇನ್ನೊಂದರ ಸ್ಥಾನದಲ್ಲಿ ನಿಲ್ಲಲಾರದು.

ದೊಡ್ಡ ಉದಾಹರಣೆ ಹಣದುಬ್ಬರದ್ದು. 2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿ ತಂದು, ಗ್ರಾಹಕ ಬೆಲೆಗಳ ಏರಿಕೆಯನ್ನು ಶೇಕಡಾ 4ರ ಗುರಿಯಲ್ಲಿ, ಕೆಳಗೆ 2 ಮೇಲೆ 6ರ ಅಂಚಿನೊಳಗೆ ಇರಿಸುವ ವ್ಯವಸ್ಥೆಯನ್ನು ಜಾರಿಗೆ ತರಲಾಯಿತು. ಇಲ್ಲಿ ಮಿತಿ ಇದೆ, ತಿಂಗಳು ತಿಂಗಳು ಅಳತೆ ಇದೆ, ಬಡ್ಡಿದರವೆಂಬ ಸಾಧನ ಇದೆ. ಆದ್ದರಿಂದ ‘ಹಣದುಬ್ಬರ ನಿಯಂತ್ರಣ’ ಎಂಬ ಮಾತು ಸಾಧುವಾಗಿದೆ. ಬೆಲೆ ಏರಿಕೆಯನ್ನು ಸೊನ್ನೆಗೆ ಇಳಿಸುವುದು ಅದರ ಉದ್ದೇಶವಲ್ಲವೆಂಬುದನ್ನೂ ಗಮನಿಸಬೇಕು.

ಮೇಲ್ವಿಚಾರಣೆ, ತಪಾಸಣೆ, ಲೆಕ್ಕಪರಿಶೋಧನೆ

ಬ್ಯಾಂಕಿನ ಶಾಖೆಯಲ್ಲಿ ಈ ಪದಗಳ ಭೇದ ಸ್ಪಷ್ಟವಾಗಿ ಕಾಣುತ್ತದೆ. ಭದ್ರಕೊಠಡಿಯ ಕೀಲಿಕೈಗಳು ಎರಡು. ಇಬ್ಬರು ಬೇರೆ ಬೇರೆ ಅಧಿಕಾರಿಗಳ ಬಳಿ ಇರುತ್ತವೆ. ಒಬ್ಬರೇ ಬಾಗಿಲು ತೆರೆಯುವಂತಿಲ್ಲ. ಒಬ್ಬರು ದಾಖಲಿಸಿದ ಲೇವಾದೇವಿಯನ್ನು ಇನ್ನೊಬ್ಬರು ಪರಿಶೀಲಿಸಿ ಮಂಜೂರು ಮಾಡಬೇಕು. ಹಳೆಯ ‘ಎದುರು ಸುರುಳಿ’ಯ ಮೊಮ್ಮಗನೇ ಈ ಪದ್ಧತಿ. ಇದು ನಿಯಂತ್ರಣ. ವ್ಯವಸ್ಥಾಪಕರು ದಿನವಿಡೀ ಕೆಲಸವನ್ನು ಗಮನಿಸುವುದು ಮೇಲ್ವಿಚಾರಣೆ. ಮೇಲಿನ ಕಚೇರಿಯವರು ಬಂದು ನೋಡಿಹೋಗುವುದು ತಪಾಸಣೆ. ಲೆಕ್ಕಪರಿಶೋಧಕರು ಕಳೆದ ಅವಧಿಯ ಲೆಕ್ಕವನ್ನು ಪರೀಕ್ಷಿಸಿ ವರದಿ ಕೊಡುವುದು ಲೆಕ್ಕಪರಿಶೋಧನೆ. ನಿಯಂತ್ರಣವು ತಪ್ಪು ನಡೆಯುವ ಮೊದಲೇ ಅಡ್ಡ ನಿಲ್ಲುತ್ತದೆ. ಪರಿಶೋಧನೆ ನಡೆದುಹೋದುದನ್ನು ಹೇಳುತ್ತದೆ.

ಗಣಕಯಂತ್ರಗಳು ಹೊಸದಾಗಿ ಬಂದ ದಿನಗಳಲ್ಲಿ ನಾವು ಕಂಡ ಒಂದು ಶಾಖೆಯಲ್ಲಿ ಮಂಜೂರು ಮಾಡುವ ಅಧಿಕಾರಿಯೊಬ್ಬರು ಮಗಳ ಮದುವೆಗೆಂದು ರಜೆ ಹೋಗುವಾಗ ತಮ್ಮ ಗುಪ್ತಪದವನ್ನು ಕಿರಿಯ ಸಹೋದ್ಯೋಗಿಗೆ ಹೇಳಿಹೋದರು. ಗ್ರಾಹಕರಿಗೆ ತೊಂದರೆಯಾಗಬಾರದೆಂಬುದೇ ಅವರ ಉದ್ದೇಶ. ಆ ಒಂದು ವಾರ ಬರೆಯುವ ಕೈ, ಪರಿಶೀಲಿಸುವ ಕೈ ಎರಡೂ ಒಂದೇ ಆಯಿತು. ಯಾರದೋ ವೃದ್ಧೆಯ ಠೇವಣಿಯ ಹಣ ಬೇರೆ ಖಾತೆಗೆ ಹೋದದ್ದು ಬಹಳ ದಿನಗಳ ಮೇಲೆ ತಿಳಿಯಿತು. ಕಾಗದದ ಮೇಲೆ ಎರಡು ಹೆಸರುಗಳು ಇದ್ದವು, ನಿಯಂತ್ರಣ ಇರಲಿಲ್ಲ. ಹಣ ವೃದ್ಧೆಗೆ ಮರಳಿತು. ಆ ಅಧಿಕಾರಿಯ ಬಡ್ತಿ ಮರಳಲಿಲ್ಲ. ‘ನಂಬಿಕೆ ಇದ್ದ ಮೇಲೆ ನಿಯಂತ್ರಣ ಏಕೆ?’ ಎಂದು ಕೇಳುವವರಿಗೆ ನಾವು ಈ ಪ್ರಸಂಗವನ್ನು ಹೇಳುತ್ತೇವೆ. ನಿಯಂತ್ರಣವು ಅಪನಂಬಿಕೆಯಲ್ಲ, ನಂಬಿಕೆಗೆ ಕೊಟ್ಟ ಊರುಗೋಲು.

ಹೆಸರಿನಲ್ಲಿ ನಿಯಂತ್ರಣವಿದ್ದು ಕೆಲಸದಲ್ಲಿ ಪರಿಶೋಧನೆ ಇರುವುದೂ ಉಂಟು. ನಮ್ಮ ಸಂವಿಧಾನದ 148ನೆಯ ವಿಧಿಯಲ್ಲಿ ಹೇಳಿರುವ ನಿಯಂತ್ರಕರು ಮತ್ತು ಮಹಾಲೇಖಪಾಲರ ಹುದ್ದೆ ಅಂಥದು. ಬೊಕ್ಕಸದಿಂದ ಹಣ ಹೊರಡುವುದನ್ನು ಅವರು ತಡೆಹಿಡಿಯುವುದಿಲ್ಲ. ಖರ್ಚಾದ ಮೇಲೆ ಪರಿಶೋಧಿಸಿ ವರದಿ ಕೊಡುತ್ತಾರೆ. ಅವರ ಇಂಗ್ಲಿಷ್ ಪದನಾಮದಲ್ಲಿ ‘ಪಿ’ ಅಕ್ಷರ ನುಸುಳಿದ್ದು, ಎಣಿಕೆ ಎಂಬ ಅರ್ಥದ ಫ್ರೆಂಚ್ ಪದದ ನಂಟೆಂದು ಹಿಂದಿನವರು ತಪ್ಪಾಗಿ ತಿಳಿದುದರಿಂದ.

ನಿಯಂತ್ರಣ ಮತ್ತು ಒಡೆತನ

ನಿಯಂತ್ರಣ ಬೇರೆ, ಒಡೆತನ ಬೇರೆ. ಚಿನ್ನದ ಮೇಲೆ ಸಾಲ ಪಡೆದವರ ಬಳೆಗಳು ಬ್ಯಾಂಕಿನ ವಶದಲ್ಲಿರುತ್ತವೆ. ಒಡೆತನ ಮಾತ್ರ ಸಾಲಗಾರರದೇ.

ಭಾರತದ ಬ್ಯಾಂಕುಗಳ ಚರಿತ್ರೆಯಲ್ಲಿ ಈ ಭೇದವೇ ಒಂದು ದೊಡ್ಡ ತಿರುವಾಯಿತು. 1967ರ ಡಿಸೆಂಬರಿನಲ್ಲಿ ಅಂದಿನ ಅರ್ಥಸಚಿವ ಮೊರಾರ್ಜಿ ದೇಸಾಯಿಯವರು ಬ್ಯಾಂಕುಗಳ ಮೇಲೆ ‘ಸಾಮಾಜಿಕ ನಿಯಂತ್ರಣ’ದ ನೀತಿಯನ್ನು ಪ್ರಕಟಿಸಿದರು. ಒಡೆತನ ಖಾಸಗಿಯವರದೇ, ಆದರೆ ಸಾಲವು ದೊಡ್ಡ ಉದ್ಯಮಗಳಿಗಷ್ಟೇ ಹೋಗದೆ ಕೃಷಿಗೂ ಸಣ್ಣ ಕೈಗಾರಿಕೆಗಳಿಗೂ ದೊರೆಯುವಂತೆ ಸರ್ಕಾರ ದಿಕ್ಕು ತೋರಬೇಕು ಎಂಬುದು ಅದರ ಆಶಯ. ಅದಕ್ಕಾಗಿ ಮಾಡಿದ ಶಾಸನ 1969ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು. ಆರು ತಿಂಗಳು ತುಂಬುವ ಮೊದಲೇ, 1969ರ ಜುಲೈ 19ರಂದು, ಇಂದಿರಾ ಗಾಂಧಿಯವರ ಸರ್ಕಾರ ಹದಿನಾಲ್ಕು ಬ್ಯಾಂಕುಗಳನ್ನು ರಾಷ್ಟ್ರೀಕರಿಸಿತು. ನಿಯಂತ್ರಣ ಸಾಲದು, ಒಡೆತನವೇ ಬೇಕು ಎಂಬ ತೀರ್ಮಾನ ಅದು. ಆ ಹದಿನಾಲ್ಕರಲ್ಲಿ ನಮ್ಮ ಕರಾವಳಿಯ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಇದ್ದವು. 1980ರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳೂ ಸೇರಿದವು. ಈ ಬ್ಯಾಂಕುಗಳ ನೌಕರಿಯಿಂದಲೇ ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿ ಸೇರಿದ ಕುಟುಂಬಗಳು ನಮ್ಮಲ್ಲಿ ಬಹಳ. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿಯೂ, 2020ರಲ್ಲಿ ಸಿಂಡಿಕೇಟ್ ಕೆನರಾದಲ್ಲಿಯೂ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು.

ದೇಶದ ಗಡಿಯ ವಿಷಯದಲ್ಲಿಯೂ ಇದೇ ಭೇದ. ಜಮ್ಮು ಮತ್ತು ಕಾಶ್ಮೀರದಲ್ಲಿ 1949ರ ಕದನವಿರಾಮ ರೇಖೆಯ ಜಾಗದಲ್ಲಿ, 1972ರ ಜುಲೈ 2ರ ಸಿಮ್ಲಾ ಒಪ್ಪಂದದ ನಂತರ ‘ನಿಯಂತ್ರಣ ರೇಖೆ’ ಎಂಬ ಹೆಸರು ಬಂದಿತು. ಅದನ್ನು ‘ಗಡಿ’ ಎನ್ನದೆ ಇರುವುದು ಉದ್ದೇಶಪೂರ್ವಕ. ಯಾರ ಸೈನ್ಯದ ಹಿಡಿತ ಎಲ್ಲಿಯವರೆಗೆ ಇದೆ ಎಂಬುದನ್ನು ರೇಖೆ ಹೇಳುತ್ತದೆಯೇ ಹೊರತು ನೆಲ ಯಾರದು ಎಂಬುದನ್ನು ಹೇಳುವುದಿಲ್ಲ. ಪತ್ರಿಕೆಯಲ್ಲಿ ‘ಗಡಿ ನಿಯಂತ್ರಣ ರೇಖೆ’ ಎಂದು ಬರೆಯುವವರು ಎರಡು ಬೇರೆ ಸಂಗತಿಗಳನ್ನು ಬೆರೆಸುತ್ತಾರೆ.

ನಿರ್ವಹಣೆ ಮತ್ತು ಸ್ತಂಭನ

ನಿಯಂತ್ರಣ ಬಿಗಿಯಾಗುತ್ತ ಹೋದರೆ ಚಲನೆಯೇ ನಿಂತುಹೋಗುತ್ತದೆ. ಆಗ ಅದು ಸ್ತಂಭನ. ಮುಂಬಯಿಯ ಹಳೆಯ ಚಾಳುಗಳಲ್ಲಿ ಬಾಳಿದ ಕನ್ನಡಿಗರಿಗೆ ಇದರ ಅನುಭವವಿದೆ. ಬೊಂಬಾಯಿಯ 1947ರ ಬಾಡಿಗೆ ನಿಯಂತ್ರಣ ಕಾಯ್ದೆಯಂತೆ ಹಳೆಯ ಮನೆಗಳ ಬಾಡಿಗೆ 1940ರ ಸೆಪ್ಟೆಂಬರ್ 1ರ ಮಟ್ಟದಲ್ಲಿ ನಿಂತಿತು. ಬಡ ಬಾಡಿಗೆದಾರನಿಗೆ ರಕ್ಷಣೆ ಸಿಕ್ಕಿತು, ನಿಜ. ಆದರೆ ಬಾಡಿಗೆ ನಿಂತಿತೇ ಹೊರತು ಕಾಲ ನಿಲ್ಲಲಿಲ್ಲ. ಮಾಲೀಕನಿಗೆ ದುರಸ್ತಿ ಮಾಡಿಸುವ ಮನಸ್ಸು ಇಲ್ಲವಾಯಿತು, ಗೋಡೆಗಳು ಬಿರುಕುಬಿಟ್ಟವು, ರಸೀದಿಯಿಲ್ಲದ ಪಗಡಿಯ ಹಣ ಕೈ ಬದಲಾಯಿಸಿತು. ಅದರ ಜಾಗದಲ್ಲಿ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂದಿತು. ಕರ್ನಾಟಕದಲ್ಲಿ 1961ರ ‘ಬಾಡಿಗೆ ನಿಯಂತ್ರಣ ಕಾಯ್ದೆ’ ಹೋಗಿ ಬಂದ 1999ರ ಶಾಸನದ ಹೆಸರು ಬರಿಯ ‘ಬಾಡಿಗೆ ಕಾಯ್ದೆ’. ಹೆಸರಿನಿಂದಲೇ ನಿಯಂತ್ರಣ ಬಿದ್ದುಹೋಯಿತು.

ವಿದೇಶಿ ಹಣದ ವಿಷಯದಲ್ಲಿ ಪದ ಬದಲಾದುದು ಇನ್ನೂ ಅರ್ಥಪೂರ್ಣ. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ, ಅಂದರೆ ‘ಫೆರಾ’, ಅನುಮತಿಯಿಲ್ಲದ ವ್ಯವಹಾರವನ್ನು ಅಪರಾಧವೆಂದು ಕಾಣುತ್ತಿತ್ತು. 2000ದ ಜೂನ್ 1ರಿಂದ ಜಾರಿಗೆ ಬಂದ ‘ಫೆಮಾ’ದ ಹೆಸರಿನಲ್ಲಿರುವುದು ನಿರ್ವಹಣೆ. ಅದರ ಉಲ್ಲಂಘನೆಗೆ ಸಾಮಾನ್ಯವಾಗಿ ದಂಡವೇ ಹೊರತು ಸೆರೆವಾಸವಲ್ಲ. ರಿಸರ್ವ್ ಬ್ಯಾಂಕಿನ ‘ವಿನಿಮಯ ನಿಯಂತ್ರಣ ವಿಭಾಗ’ವೂ 2004ರಲ್ಲಿ ‘ವಿದೇಶಿ ವಿನಿಮಯ ವಿಭಾಗ’ವಾಯಿತು. ಹೊರದೇಶದಲ್ಲಿ ಓದುವ ಮಕ್ಕಳಿಗೆ ಇಂದು ತಂದೆತಾಯಿಗಳು ಹಣ ಕಳುಹಿಸುವ ಸೌಲಭ್ಯವೂ ಅದೇ ವರ್ಷ ಆರಂಭವಾಯಿತು. ಒಬ್ಬರಿಗೆ ವರ್ಷಕ್ಕೆ 2,50,000 ಡಾಲರುಗಳ ಮಿತಿ 2015ರಿಂದ ಇದೆ. ಮಿತಿ ಉಳಿಯಿತು, ಅನುಮಾನ ಹೋಯಿತು. ನಿಯಂತ್ರಣವು ‘ಮೀರಬೇಡ’ ಎನ್ನುತ್ತದೆ. ನಿರ್ವಹಣೆಯು ‘ಹೀಗೆ ನಡೆ’ ಎನ್ನುತ್ತದೆ.

ತಡೆ, ನಿಷೇಧ, ನಿರ್ಬಂಧ, ನಿಗ್ರಹ

ನಿಷೇಧದಲ್ಲಿ ಮಿತಿಯೇ ಇಲ್ಲ, ಪೂರ್ತಿ ಕೂಡದು. ನಿರ್ಬಂಧದಲ್ಲಿ ಕಟ್ಟು ಇದೆ. ಇಂತಹ ಸಮಯದಲ್ಲಿ, ಇಂತಹವರಿಗೆ ಮಾತ್ರ ಎಂಬ ಷರತ್ತು ಇದೆ. ತಡೆಯು ಆಗುವ ಮುನ್ನ ಅಡ್ಡಗಟ್ಟುತ್ತದೆ. 1974ರ ಜಲಮಾಲಿನ್ಯ ಕಾಯ್ದೆಯ ಹೆಸರಿನಲ್ಲಿಯೇ ‘ತಡೆ’ ಮತ್ತು ‘ನಿಯಂತ್ರಣ’ ಎಂಬ ಎರಡೂ ಪದಗಳನ್ನು ಇರಿಸಿರುವುದು ಇದೇ ಕಾರಣಕ್ಕೆ. ಕೊಳೆಯನ್ನು ನದಿಗೆ ಬಿಡದಂತೆ ಮಾಡುವುದು ತಡೆ. ಬಿಡಲೇಬೇಕಾದುದನ್ನು ಶುದ್ಧಮಾಡಿ, ಗೊತ್ತುಪಡಿಸಿದ ಪ್ರಮಾಣದೊಳಗೆ ಬಿಡಿಸುವುದು ನಿಯಂತ್ರಣ.

ನಿಗ್ರಹ ಎಂಬಲ್ಲಿ ‘ಗ್ರಹ್’ ಧಾತುವಿದೆ. ಹಿಡಿದು ಅದುಮುವುದು ಎಂದು ಅರ್ಥ. ಕರ್ನಾಟಕದಲ್ಲಿ 2016ರಲ್ಲಿ ಸ್ಥಾಪನೆಯಾಗಿ 2022ರಲ್ಲಿ ಉಚ್ಚ ನ್ಯಾಯಾಲಯದ ತೀರ್ಪಿನಿಂದ ಕೊನೆಗೊಂಡ ದಳದ ಹೆಸರು ‘ಭ್ರಷ್ಟಾಚಾರ ನಿಗ್ರಹ ದಳ’. ಅದನ್ನು ‘ಭ್ರಷ್ಟಾಚಾರ ನಿಯಂತ್ರಣ’ ಎಂದಿದ್ದರೆ, ಇಷ್ಟರವರೆಗೆ ಲಂಚ ತಿನ್ನಬಹುದು ಎಂಬ ಧ್ವನಿ ಬರುತ್ತಿತ್ತು. ಯಾವುದು ಇರಲೇಬಾರದೋ ಅದಕ್ಕೆ ನಿಗ್ರಹ; ಯಾವುದು ಇದ್ದೂ ಮಿತಿಯಲ್ಲಿರಬೇಕೋ ಅದಕ್ಕೆ ನಿಯಂತ್ರಣ.

ಮನೆಮಾತಿನ ಪದಗಳು

ಗ್ರಾಂಥಿಕ ಪದಗಳಿಗಿಂತ ನಮ್ಮ ಹಿರಿಯರ ಬಾಯಲ್ಲಿ ಹೆಚ್ಚಾಗಿ ಇದ್ದವು ಬೇರೆ ಪದಗಳು. ಸಾಕಿದ ಪ್ರಾಣಿಗಳಿಂದಲೇ ಎಷ್ಟೋ ಬಂದಿವೆ. ಆನೆಗೆ ಅಂಕುಶ, ಕುದುರೆಗೆ ಕಡಿವಾಣ, ಎತ್ತಿಗೆ ಮೂಗುದಾರ. ಮಾತಿಗೆ, ಖರ್ಚಿಗೆ, ಬೆಲೆಗೆ ಕಡಿವಾಣ ಹಾಕಬೇಕೆಂದು ಇಂದಿಗೂ ಹೇಳುತ್ತೇವೆ. ‘ಅಂಕೆ’ ಎಂದರೆ ಎಣಿಕೆಯ ಸಂಖ್ಯೆಯೂ ಹೌದು, ಹಿರಿಯರ ಭಯಭಕ್ತಿಯೂ ಹೌದು. ಅಂಕೆಯಿಲ್ಲದ ಕಪಿ ಲಂಕೆ ಸುಟ್ಟ ಗಾದೆ ಯಾರಿಗೆ ಗೊತ್ತಿಲ್ಲ? ಅಂಕೆಯಲ್ಲಿ ಹೊರಗಿನವರ ಕಣ್ಣಿದೆ. ‘ಹಿಡಿತ’ದಲ್ಲಿ ಪರಿಣತಿಯೂ ಸೇರಿದೆ. ಗಾಯಕನಿಗೆ ತಾಳದ ಮೇಲೆ, ಲೇಖಕನಿಗೆ ಭಾಷೆಯ ಮೇಲೆ ಹಿಡಿತವಿರುತ್ತದೆ. ಅಲ್ಲಿ ‘ನಿಯಂತ್ರಣ’ ಎಂದರೆ ಮಾತು ಕೆಡುತ್ತದೆ.

‘ಹತೋಟಿ’ ನಮಗೆ ಅತ್ಯಂತ ಪ್ರಿಯವಾದ ಪದ. ಮರಾಠಿ ನೆರೆಹೊರೆಯವರ ‘ಹಾತೋಟಿ’ಯನ್ನು ಕೇಳಿದ ಮುಂಬಯಿ, ಪುಣೆಯ ಕನ್ನಡಿಗರಿಗೆ ಇದರ ನಂಟು ಕಿವಿಗೇ ತಿಳಿಯುತ್ತದೆ. ಅವರಲ್ಲಿ ಅದು ಕೈಚಳಕ, ಕೆಲಸದ ಹದ. ನಮ್ಮಲ್ಲಿ ಅದು ಅಂಕೆಯಲ್ಲಿಡುವಿಕೆ. ಎರಡರಲ್ಲಿಯೂ ಕೈ ಇದೆ. ಹತೋಟಿಯಲ್ಲಿದೆ ಎಂದರೆ ಕೈಯಲ್ಲಿದೆ. ಕೈ ಬಿಟ್ಟರೆ ಜಾರುತ್ತದೆ. ಕಾಯಿಲೆಗೆ, ಬೆಂಕಿಗೆ, ವಾಹನಕ್ಕೆ ಈ ಪದ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ.

ಸಂಯಮದ ಸ್ಥಾನ ಬೇರೆ. ಇನ್ನೊಬ್ಬರನ್ನು ನಿಯಂತ್ರಿಸಬಹುದು, ಇನ್ನೊಬ್ಬರ ಪರವಾಗಿ ಸಂಯಮ ಮಾಡಲಾಗದು. ಪತಂಜಲಿಯ ಯೋಗದ ಎಂಟು ಅಂಗಗಳಲ್ಲಿ ಮೊದಲೆರಡು ಯಮ, ನಿಯಮ. ಎರಡೂ ಸಾಧಕನು ತನಗೆ ತಾನೇ ಹಾಕಿಕೊಳ್ಳುವ ಕಟ್ಟುಗಳು. ಬೆಳೆದ ಮಕ್ಕಳ ತಂದೆತಾಯಿಗಳು ಇದನ್ನು ನೆನಪಿಡಬೇಕು. ಎಂಟು ವರ್ಷದ ಮಗುವಿಗೆ ಅಂಕೆ ಬೇಕು. ಹದಿನೆಂಟರ ಮಗನಿಗೆ ಮಾರ್ಗದರ್ಶನ ಬೇಕು. ಇಪ್ಪತ್ತೆಂಟರ ಮಗಳ ಜೀವನದಲ್ಲಿ ನಮಗೆ ಉಳಿಯುವುದು ಸಲಹೆ ಮಾತ್ರ. ಅಲ್ಲಿ ಸಂಯಮ ಬೇಕಾದದ್ದು ನಮಗೆ. ‘ಮಕ್ಕಳು ಕಂಟ್ರೋಲಿನಲ್ಲಿಲ್ಲ’ ಎಂದು ಕೊರಗುವ ಮುನ್ನ, ನಾವು ಬಯಸುತ್ತಿರುವುದು ಈ ನಾಲ್ಕರಲ್ಲಿ ಯಾವುದು ಎಂದು ಕೇಳಿಕೊಂಡರೆ ಎಷ್ಟೋ ಮನೆಗಳಲ್ಲಿ ಜಗಳ ತಗ್ಗೀತು.

ಯಾವಾಗ ಯಾವ ಪದ?

ಓದುಗರ ಅನುಕೂಲಕ್ಕಾಗಿ ಮೇಲಿನ ವಿಚಾರವನ್ನು ಹೀಗೆ ಸಂಗ್ರಹಿಸಬಹುದು.

ನಿಯಂತ್ರಣ – ಮಿತಿ, ಅಳತೆ, ಸರಿಪಡಿಸುವ ಶಕ್ತಿ ಮೂರೂ ಇರುವಲ್ಲಿ.
ಹತೋಟಿ – ಬಿಟ್ಟರೆ ಕೈಮೀರುವ ಸಂಗತಿಗಳಲ್ಲಿ: ಕಾಯಿಲೆ, ಬೆಂಕಿ, ವಾಹನ.
ಹಿಡಿತ – ಕಲೆ, ಭಾಷೆ, ವಿಷಯಗಳಲ್ಲಿನ ಪರಿಣತಿಗೆ, ಅಧಿಕಾರದ ಬಿಗಿಗೂ.
ಅಂಕೆ – ಹಿರಿಯರ ಕಣ್ಣಿನಡಿಯ ನಡತೆಗೆ.
ಕಡಿವಾಣ – ಓಟ ಮಿತಿಮೀರಿದಾಗ ಹಾಕುವ ತಡೆಗೆ.
ಮೇಲ್ವಿಚಾರಣೆ – ನಡೆಯುತ್ತಿರುವುದನ್ನು ನೋಡಿಕೊಳ್ಳುವುದಕ್ಕೆ.
ಲೆಕ್ಕಪರಿಶೋಧನೆ – ನಡೆದುಹೋದುದನ್ನು ಪರೀಕ್ಷಿಸುವುದಕ್ಕೆ.
ನಿರ್ವಹಣೆ – ಒಟ್ಟು ಕೆಲಸವನ್ನು ನಡೆಸಿಕೊಂಡು ಹೋಗುವುದಕ್ಕೆ.
ನಿರ್ಬಂಧ – ಷರತ್ತಿನ ಕಟ್ಟಿಗೆ. ನಿಷೇಧ – ಪೂರ್ತಿ ಕೂಡದುದಕ್ಕೆ.
ನಿಗ್ರಹ – ಇರಲೇಬಾರದುದನ್ನು ಅದುಮುವುದಕ್ಕೆ.
ಸಂಯಮ – ತನ್ನನ್ನು ತಾನು ಆಳಿಕೊಳ್ಳುವುದಕ್ಕೆ.

ಕೊನೆಯದಾಗಿ, ನಾವು ಆರಂಭಿಸಿದ ಮಾತಿಗೆ ಬರೋಣ. ಸಕ್ಕರೆ ಕಾಯಿಲೆಯಲ್ಲಿ ಸುಮಾರು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ‘ಎಚ್‌ಬಿಎ1ಸಿ’ ಎಂಬ ರಕ್ತಪರೀಕ್ಷೆ ಇದೆ. ಬಹಳ ಮಂದಿ ವಯಸ್ಕರಿಗೆ ವೈದ್ಯರು ಇಡುವ ಗುರಿ ಶೇಕಡಾ 7ರ ಒಳಗೆ. ವಯಸ್ಸು, ಇತರ ಕಾಯಿಲೆಗಳನ್ನು ನೋಡಿ ಅದನ್ನು ಬದಲಿಸುವುದೂ ಉಂಟು. ಅಂಕಿ ಗುರಿಯೊಳಗೆ ಇದೆಯೆಂದರೆ ಔಷಧ, ಪಥ್ಯ, ನಡಿಗೆ ಮೂರೂ ಸೇರಿ ಹಗ್ಗವನ್ನು ಹಿಡಿದಿವೆ ಎಂದರ್ಥ. ಹಗ್ಗ ಬಿಡಬಹುದೆಂದು ಅರ್ಥವಲ್ಲ. ಗುಣವಾದುದು ಹಿಂದಿನ ಮಾತು. ಹತೋಟಿಯಲ್ಲಿರುವುದು ಇಂದಿನ ಮಾತು, ನಾಳೆ ಮತ್ತೆ ಹೇಳಬೇಕಾದ ಮಾತು. ಮಾತ್ರೆಯನ್ನು ಕಡಿಮೆ ಮಾಡುವುದಿದ್ದರೂ ಅದನ್ನು ನಿರ್ಧರಿಸಬೇಕಾದವರು ವೈದ್ಯರೇ.

ಮಾವನವರು ಈಗ ಕೋಲು ಹಿಡಿದು ಕಟ್ಟಡದ ಅಂಗಳದಲ್ಲಿ ದಿನಕ್ಕೆ ಎರಡು ಸುತ್ತು ಹಾಕುತ್ತಾರೆ. ಮಾತು ಬಹುಮಟ್ಟಿಗೆ ಮರಳಿದೆ. ಮೂರು ತಿಂಗಳಿಗೊಮ್ಮೆ ವರದಿ ತಂದಾಗ ಅವರು ಮೊದಲಿನಂತೆ ‘ಕಂಟ್ರೋಲ್’ ಎನ್ನುವುದಿಲ್ಲ. ‘ಹತೋಟಿಯಲ್ಲಿದೆ, ಬಿಡುವ ಹಾಗಿಲ್ಲ’ ಎನ್ನುತ್ತಾರೆ. ಮನೆಯಲ್ಲಿ ಮಾತ್ರೆ ತೆಗೆದುಕೊಳ್ಳುವ ಹಿರಿಯರಿರುವ ಓದುಗರು ಇಂದು ಸಂಜೆ ಅವರ ಪಕ್ಕದಲ್ಲಿ ಕುಳಿತು, ವೈದ್ಯರು ಹೇಳಿದ ಮಾತನ್ನು ಅವರು ಹೇಗೆ ಅರ್ಥ ಮಾಡಿಕೊಂಡಿದ್ದಾರೆಂದು ಒಮ್ಮೆ ಕನ್ನಡದಲ್ಲಿ ಕೇಳಿ ನೋಡಬೇಕೆಂದು ನಮ್ಮ ವಿನಂತಿ.